ಜಾವಾ ಕೆಳಗೆ ಜಾರುವ ಪ್ಲೇಟನ್ನು ನಾವು ಗ್ರಾಫ್‌ನಲ್ಲಿ ನೋಡಿದ್ದು

ವಿಜಯನಗರದ ನಮ್ಮ ಮನೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಭೂಮಿಯ ಹೊರಪದರ ದೊಡ್ಡ ದೊಡ್ಡ ತುಂಡುಗಳಾಗಿದೆ, ಅವೇ ಪ್ಲೇಟುಗಳು; ಸಮುದ್ರದ ತಳದ ಪ್ಲೇಟು ಇನ್ನೊಂದರ ಅಡಿಗೆ ಜಾರುತ್ತದೆ ಅಂದಾಗ ಒಬ್ಬಳು ಕೇಳಿದಳು, "ಅದನ್ನ ಯಾರು ನೋಡಿದಾರೆ ಮಿಸ್?" ಒಳ್ಳೆಯ ಪ್ರಶ್ನೆ. ಜಾರುವ ಪ್ಲೇಟಿನ ಗುರುತು ಸಿಗುವುದು ಭೂಕಂಪಗಳಲ್ಲಿ. ಅವನ್ನೇ ಗ್ರಾಫ್‌ಗೆ ಹಾಕಿದೆವು.

ಅಮೆರಿಕದ ಯುಎಸ್‌ಜಿಎಸ್ ಸಂಸ್ಥೆಯ ಭೂಕಂಪಗಳ ಪಟ್ಟಿ ಫ್ರೀಯಾಗಿ ಸಿಗುತ್ತದೆ. ನಾನು ಆರಿಸಿದ್ದು ಇಂಡೋನೇಷ್ಯಾದ ಜಾವಾ ದ್ವೀಪ. ಅಲ್ಲಿ ಸಮುದ್ರದ ಕಂದಕ, ಅಂದರೆ ಪ್ಲೇಟು ಕೆಳಗೆ ಜಾರತೊಡಗುವ ಕಡೆಯ ಉದ್ದನೆಯ ಆಳದ ಹಳ್ಳ, ಹೆಚ್ಚುಕಡಿಮೆ ಪೂರ್ವ–ಪಶ್ಚಿಮಕ್ಕಿದೆ. ಹಾಗಾಗಿ ಕಂದಕದಿಂದ ಎಷ್ಟು ದೂರ ಅನ್ನುವುದಕ್ಕೆ ಅಕ್ಷಾಂಶ, ಜೊತೆಗೆ ಆಳ, ಇಷ್ಟೇ ಸಾಕು. ಪೂರ್ವ ರೇಖಾಂಶ 109ರಿಂದ 111, ದಕ್ಷಿಣ ಅಕ್ಷಾಂಶ 4ರಿಂದ 12, ತೀವ್ರತೆ 4.5ಕ್ಕಿಂತ ಜಾಸ್ತಿ, 1973ರಿಂದ ಈಚೆಗಿನವು.

ಆಳದ ಕಾಲಮ್ಮಿನಲ್ಲಿ 10, 33 ಅನ್ನುವ ಅಂಕಿಗಳು ಮತ್ತೆ ಮತ್ತೆ ಬರುತ್ತವೆ. ಆಳ ಸರಿಯಾಗಿ ಗೊತ್ತಾಗದಿದ್ದಾಗ ಹಾಕಿಡುವ ಅಂಕಿಗಳು ಅವು. ಆ ಸಾಲುಗಳನ್ನು ತೆಗೆದುಬಿಡಿ. ಇನ್ನೊಂದು, ಅಕ್ಷಾಂಶದ 1 ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಅಡ್ಡಕ್ಕೂ ಉದ್ದಕ್ಕೂ ಒಂದೇ ಅಳತೆ ಇಡಿ. ಇಲ್ಲದಿದ್ದರೆ ಇಳಿಜಾರೇ ಸುಳ್ಳಾಗುತ್ತದೆ.

ಗ್ರಾಫ್ ಮೂಡಿದಾಗ ಎಲ್ಲರೂ ಸ್ಕ್ರೀನಿಗೆ ಮುಗಿಬಿದ್ದರು. ಕಂದಕದ ಹತ್ತಿರ ಚುಕ್ಕೆಗಳು ಮೇಲೇ ಇವೆ. ಉತ್ತರಕ್ಕೆ ಹೋದಂತೆ ಓರೆಯಾಗಿ ಇಳಿಯುತ್ತವೆ. 300 ಕಿ.ಮೀ. ಆಳ ದಾಟಿದ ಮೇಲೆ ಹೆಚ್ಚುಕಡಿಮೆ ಖಾಲಿ. ಜಾವಾ ಸಮುದ್ರದ ಅಡಿಯಲ್ಲಿ, 500 ಕಿ.ಮೀ.ಗಿಂತ ಕೆಳಗೆ, ಮತ್ತೆ ಚುಕ್ಕೆಗಳು! ಇಂಥ ಓರೆ ಪಟ್ಟಿಗೆ ವಡಾಟಿ–ಬೆನಿಯಾಫ್ ವಲಯ ಅನ್ನುತ್ತಾರೆ.

ಆಮೇಲೆ ಜಾವಾದ ಮೆರಾಪಿ ಜ್ವಾಲಾಮುಖಿಯನ್ನು ಗುರುತು ಹಾಕಿದೆವು. ಅದು ಕಂದಕದಿಂದ ಸುಮಾರು 300 ಕಿ.ಮೀ. ದೂರದಲ್ಲಿದೆ. ಅದರ ನೇರ ಕೆಳಗೆ ಪ್ಲೇಟು ಆಗಲೇ 100 ಕಿ.ಮೀ.ಗಿಂತ ಆಳಕ್ಕೆ ಇಳಿದಿದೆ. ಉಜ್ಜಾಟದ ಬಿಸಿಗೆ ಪ್ಲೇಟು ಕರಗಿ ಲಾವಾ ಬರುತ್ತದೆ ಅಂತ ತುಂಬಾ ಜನ ಹೇಳಿಕೊಡುತ್ತಾರೆ. ಮುಖ್ಯ ಕಾರಣ ಅದಲ್ಲ, ನೀರು. ಪ್ಲೇಟಿನ ಖನಿಜಗಳಲ್ಲಿ ಸೇರಿಕೊಂಡಿದ್ದ ಸಮುದ್ರದ ನೀರು ಆ ಆಳದ ಬಿಸಿ, ಒತ್ತಡಕ್ಕೆ ಹೊರಬಿದ್ದು ಪ್ಲೇಟಿನ ಮೇಲಿರುವ ಬಿಸಿ ಕಲ್ಲಿನ ಪದರ, ಅಂದರೆ ಮ್ಯಾಂಟಲ್, ಸೇರುತ್ತದೆ. ಐಸಿಗೆ ಉಪ್ಪು ಹಾಕಿದರೆ ಬೇಗ ಕರಗುತ್ತದಲ್ವಾ, ಹಾಗೆ ಅಲ್ಲಿನ ಕಲ್ಲು ಕಡಿಮೆ ಬಿಸಿಗೇ ಕರಗತೊಡಗುತ್ತದೆ. ಜ್ವಾಲಾಮುಖಿಗಳು ಕಂದಕದ ಮೇಲಲ್ಲ, ಅದರಿಂದ ದೂರ, ಅದಕ್ಕೆ ಸಮನಾಗಿ ಸಾಲುಗಟ್ಟುವುದು ಇದಕ್ಕೇ.

ಈಗ ಅಂಡಮಾನ್ ಹಿಡಿದಿದ್ದೇವೆ. 2004ರ ಡಿಸೆಂಬರ್ 26ರ ಭೂಕಂಪಕ್ಕೆ ಪೋರ್ಟ್ ಬ್ಲೇರ್ ನೆಲ ಸುಮಾರು ಒಂದು ಮೀಟರ್ ತಗ್ಗಿತು, ಉತ್ತರ ಅಂಡಮಾನಿನ ಪಶ್ಚಿಮ ದಡದಲ್ಲಿ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದವು. ಅಲ್ಲಿ ಕಂದಕ ಉತ್ತರ–ದಕ್ಷಿಣಕ್ಕಿದೆ, ಆದ್ದರಿಂದ ಈ ಸಲ ರೇಖಾಂಶದ ಲೆಕ್ಕ. ಅಲ್ಲಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯ ಕೆಳಗೆ ಪ್ಲೇಟು ಎಷ್ಟು ಆಳದಲ್ಲಿದೆ ಅಂತ ಮಕ್ಕಳೇ ಅಳೆಯುತ್ತಿದ್ದಾರೆ.