ಅಗರಬತ್ತಿ ಕೊಳವೆಯಲ್ಲಿ ಕಂಡ ಶ್ರೀರಂಗಪಟ್ಟಣ

ಮೊನ್ನೆ ಭಾನುವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಆಟ ಮುಗಿಯಿತು. ಆಟ ಅಂದರೆ ಹಳೇ ಯುದ್ಧವೊಂದನ್ನು ಟೇಬಲ್ ಮೇಲೆ ಬೊಂಬೆ, ಕಾಯಿ ಇಟ್ಟುಕೊಂಡು ಮತ್ತೆ ಆಡೋದು. ಮೂರು ವರ್ಷದಲ್ಲಿ ಇದನ್ನು ಆಡಿದ್ದು ಐದನೇ ಸಲ. ಮುಗಿದಿದ್ದು ಇದೇ ಮೊದಲು. ‘ಇದು ಆಗೋ ಕೆಲಸ ಅಲ್ಲ’ ಅಂತ ಶುರುವಿನಿಂದ ಹೇಳುತ್ತಿದ್ದ ನಾಲ್ಕೂ ಜನ ಅವತ್ತು ನಮ್ಮ ಮನೆಯಲ್ಲೇ ಉಪ್ಪಿಟ್ಟು ತಿಂದು, ಮುಂದಿನದು ಯಾವಾಗ ಅಂತ ಕೇಳಿ ಹೋದರು. ಆ ಖುಷಿಗೆ ಇದನ್ನು ಬರೆಯುತ್ತಿದ್ದೇನೆ.

ಆರಿಸಿಕೊಂಡಿದ್ದು 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಟಿಪ್ಪುವಿನ ಸೈನ್ಯದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮಾಡಿದ ದಾಳಿ. ಶ್ರೀರಂಗಪಟ್ಟಣ ಅಂದರೆ 1799ರ ಮುತ್ತಿಗೆ ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮುತ್ತಿಗೆ ಆಡೋದು ಬೋರು ಕಣ್ರೀ. ಗೋಡೆ ಬೀಳೋ ತನಕ ಗುಂಡು ಎಣಿಸಿಕೊಂಡು ಕೂರಬೇಕು. 1792 ಹಾಗಲ್ಲ. ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ರಾತ್ರಿ ಎಂಟೂವರೆಗೆ, ಒಂದೂ ಫಿರಂಗಿ ಇಲ್ಲದೆ, ಮೂರು ದಂಡು ಹೊರಡಿಸುತ್ತಾನೆ. ಬಲಕ್ಕೆ ಮೆಡೋಸ್, 3,300 ಜನ. ಮಧ್ಯದಲ್ಲಿ ತಾನೇ, 3,700. ಎಡಕ್ಕೆ ಮ್ಯಾಕ್ಸ್‌ವೆಲ್, 1,700 ಜನ, ಕರೀಘಟ್ಟ ಗುಡ್ಡದ ಮೇಲೆ ದಾಳಿಗೆ. ಕಂಪನಿಯ ಜೊತೆಗಿದ್ದ ನಿಜಾಮನ ಕಡೆಯವರಿಗೂ ಮರಾಠರಿಗೂ ಮೊದಲು ಸುದ್ದಿಯೇ ಇಲ್ಲ. ಎದುರಿಗೆ ಕಾವೇರಿಯ ಉತ್ತರ ದಡದಲ್ಲಿ, ಮುಳ್ಳುಬೇಲಿಯೊಳಗೆ, ಟಿಪ್ಪುವಿನ ಸುಮಾರು 40 ಸಾವಿರ ಸೈನ್ಯ. ಒಳ್ಳೆ ಬೆಳದಿಂಗಳು. ಮೆಡೋಸ್ ಹೋಗಿ ಬೇಡದ ಈದ್ಗಾ ಬತೇರಿಗೆ (ಬತೇರಿ ಅಂದರೆ ಫಿರಂಗಿ ಇಟ್ಟ ಸಣ್ಣ ಕೋಟೆ) ತಲೆ ಚಚ್ಚಿಕೊಳ್ಳುತ್ತಾನೆ. ಆಮೇಲೆ ಮಧ್ಯದ ದಂಡನ್ನು ಹುಡುಕಿಕೊಂಡು ಹೊರಟು, ಅದನ್ನು ಕಾಣದೆ ದಾಟಿ, ಸೀದಾ ಕರೀಘಟ್ಟದ ಹತ್ತಿರ ಹೋಗಿ ನಿಲ್ಲುತ್ತಾನೆ. ಇಂಥ ರಾತ್ರಿ ಸಿಕ್ಕಿದರೆ ಬಿಡೋಕಾಗುತ್ತಾ?

ಒಂದು ಮಾತು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋ ಚರ್ಚೆ ನಮ್ಮ ಮನೆಯಲ್ಲಿ ಚಪ್ಪಲಿ ಜೊತೆ ಬಾಗಿಲಾಚೆ ಬಿಡಬೇಕು. ಆ ನಿಯಮ ಇಲ್ಲದಿದ್ದರೆ ನಮ್ಮ ಗುಂಪು ಎರಡನೇ ತಿಂಗಳೇ ಒಡೆದುಹೋಗುತ್ತಿತ್ತು.

ಮೊದಲನೇ ಸಲ ದುಡ್ಡು ಸುರಿದೆ. 28 ಮಿಲಿಮೀಟರಿನ ಲೋಹದ ಬೊಂಬೆಗಳನ್ನು ಹೊರದೇಶದಿಂದ ತರಿಸಿದೆ. ಸುಂಕ, ಅಂಚೆ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಬಂದಿದ್ದು ಅರವತ್ತು ಚಿಲ್ಲರೆ ಬೊಂಬೆ. ಅದರಲ್ಲಿ ಎಂಟರ ಬಂದೂಕು ಬಗ್ಗಿತ್ತು. ಬಣ್ಣ ಹಚ್ಚೋಕೆ ಏಳು ತಿಂಗಳು. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಪ್ಲೈವುಡ್ ಮೇಲೆ ಜೋಡಿಸಿ ನೋಡಿದಾಗ ನಗು ಬಂತು. ಮುಳ್ಳುಬೇಲಿಯ ಉದ್ದ ಸುಮಾರು ಮೂರು ಮೈಲಿ. ಅದು ಒಂದು ಪ್ಲೈವುಡ್‌ನಲ್ಲಿ ಹಿಡಿಯಬೇಕು ಅಂದರೆ ಸೆಂಟಿಮೀಟರಿಗೆ 20 ಮೀಟರ್ ಲೆಕ್ಕ. ಆ ಲೆಕ್ಕದಲ್ಲಿ ನನ್ನ ಒಬ್ಬೊಬ್ಬ ಸಿಪಾಯಿಯೂ 56 ಮೀಟರ್ ಎತ್ತರ! ಕೋಟೆ ಗೋಡೆ ಅವನ ಮೊಣಕಾಲಿಗೂ ಬರೋದಿಲ್ಲ. ಆರು ಗಂಟೆ ಆಡಿದೆವು. ಮೂರು ಸುತ್ತು ಮುಗಿಯಿತು. ಮೆಡೋಸ್ ಇನ್ನೂ ಬೇಲಿ ಮುಟ್ಟಿರಲಿಲ್ಲ.

ಗುಂಪಿನಲ್ಲಿ ಪಾಂಡವಪುರದ ಒಬ್ಬ ಇದ್ದಾನೆ. ಹಳೇ ಫ್ರೆಂಚ್ ರಾಕ್ಸ್‌ನವನು ಅಂತ ಅವನಿಗೆ ಸ್ವಲ್ಪ ಜಂಬ. ಅವತ್ತು ಎದ್ದು ಹೋಗುವಾಗ ಹೇಳಿದ: ‘ಬುಡಣ್ಣ, ಇದು ಆಗಕಿಲ್ಲ. ಸಣ್ದೊಂದ್ ಜಗಳ ಆಡ್ಸು, ಆಡ್ತೀವಿ.’ ಆ ಮಾತು ನನಗೆ ಚುಚ್ಚಿತು.

ಎರಡನೇ ಸಲಕ್ಕೆ ಬೊಂಬೆ ಬಿಟ್ಟೆ, ಕಾಯಿ ಹಿಡಿದೆ. ಚನ್ನಪಟ್ಟಣಕ್ಕೆ ಹೋಗಿ, ಚೌಕಾಬಾರದ ಕಾಯಿಗಿಂತ ಸಣ್ಣದು, ಒಂದು ಸೆಂಟಿಮೀಟರ್ ಎತ್ತರದ್ದು, ಕಡೆದು ಕೊಡಿ ಅಂತ ಕೇಳಿದೆ. ‘ಇಷ್ಟು ಚಿಕ್ಕದಕ್ಕೆ ಕೈ ಹಾಕೋದು ಬೇಜಾರು ಸಾರ್, ಆರುನೂರಾದ್ರೂ ತಗೊಳ್ಳಿ’ ಅಂದರು. ಒಂದಕ್ಕೆ ಮೂರು ರೂಪಾಯಿ. ತಿರುಗುವ ಕಾಯಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಬಣ್ಣ ಉಂಗುರದ ಹಾಗೆ ಕೂರುತ್ತದೆ. ಎರಡು ಕಡ್ಡಿ ಹಿಡಿಸಿದೆ. ಟಿಪ್ಪುವಿನ ಪಡೆಯ ಹುಲಿಪಟ್ಟೆ ಪುಕ್ಕಟೆ ಸಿಕ್ಕಿತು. ಬಣ್ಣ ಹಚ್ಚುವ ಏಳು ತಿಂಗಳು ಉಳಿಯಿತು. ಆ ವರ್ಷ ದಸರಾ ಗೊಂಬೆ ಕೂರಿಸುವಾಗ ನಮ್ಮಮ್ಮ ನನ್ನನ್ನು ಕೇಳದೆ ಇನ್ನೂರು ಮೈಸೂರು ಸೈನಿಕರನ್ನು ತೆಗೆದುಕೊಂಡು ಹೋಗಿ ಪಟ್ಟದ ಗೊಂಬೆ ಮುಂದೆ ಸಾಲಾಗಿ ನಿಲ್ಲಿಸಿದ್ದರು. ನೋಡೋಕೆ ಚೆನ್ನಾಗೇ ಇತ್ತು. ಆಮೇಲೆ ಹದಿನಾಲ್ಕು ಕಾಯಿ ಸಿಗಲಿಲ್ಲ.

ನೂರು ಜನಕ್ಕೆ ಒಂದು ಕಾಯಿ. ಕಂಪನಿಗೆ 87, ಮೈಸೂರಿಗೆ 400. ಆಟ ಓಡಿತು. ಆದರೆ ಇಲ್ಲೇ ನಿಜವಾದ ತೊಂದರೆ ಕಾಣಿಸಿತು. ಮೆಡೋಸ್ ಆಗಿದ್ದವರು ನಮ್ಮ ಲೆಕ್ಕದ ಮೇಷ್ಟ್ರು. ಇತಿಹಾಸ ಬಾಯಿಪಾಠ. ಈದ್ಗಾ ಕಡೆ ತಿರುಗಿಯೂ ನೋಡಲಿಲ್ಲ. ಟಿಪ್ಪು ಆಡುತ್ತಿದ್ದವನು ಮೊದಲ ಸುತ್ತಿನಲ್ಲೇ ಇಡೀ ಸೈನ್ಯವನ್ನು ಮಧ್ಯಕ್ಕೆ ಎಳೆದುಕೊಂಡ. ನಾಲ್ಕು ಜನ ಟೇಬಲ್ ಸುತ್ತ ನಿಂತು ಮೇಲಿಂದ ನೋಡುತ್ತಿದ್ದರೆ ಅದು ರಾತ್ರಿ ಹೇಗಾಗುತ್ತೆ? ದೇವರ ಹಾಗೆ ಎಲ್ಲರಿಗೂ ಎಲ್ಲವೂ ಕಾಣುತ್ತಿತ್ತು.

ಇನ್ನೊಂದು ತಪ್ಪು ಸಾವಿನ ಲೆಕ್ಕದ್ದು. ಆ ರಾತ್ರಿಯ ದಾಳಿಯಲ್ಲಿ ಕಂಪನಿ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ 535 ಅಂತ ದಾಖಲೆ. ಅಂದರೆ 87 ಕಾಯಲ್ಲಿ ಐದಾರು ಹೋಗಬೇಕು. ನಮ್ಮ ಆಟದಲ್ಲಿ ನಲವತ್ತು ಹೋದವು. ನಾವೆಲ್ಲ ಬಳಸೋ ನಿಯಮಗಳು ಹಗಲು ಹೊತ್ತಿನ ಸಾಲು ಸಾಲು ಗುಂಡಿನ ಕಾಳಗಕ್ಕೆ ಮಾಡಿದ್ದು. ಈ ರಾತ್ರಿ ಸೈನ್ಯ ಸಾಯಲಿಲ್ಲ, ಚದುರಿತು. ಮೈಸೂರು ಕಡೆಯೂ ಅಷ್ಟೇ, ಸತ್ತವರಿಗಿಂತ ಬಿಟ್ಟು ಹೋದವರೇ ಜಾಸ್ತಿ. ಹಾಗಾಗಿ ಕಾಯಿ ಹೊಡೆಯೋದನ್ನೇ ಹೆಚ್ಚುಕಡಿಮೆ ತೆಗೆದುಹಾಕಿದೆ. ಅದರ ಬದಲು ಗೊಂದಲಕ್ಕೆ ಒಂದೊಂದು ಕಡಲೆಬೇಳೆ. ಮೂರು ಬೇಳೆ ಬಿದ್ದ ತುಕಡಿ ಆಜ್ಞೆ ಕೇಳೋದಿಲ್ಲ. ಐದು ಬಿದ್ದರೆ ಮೈಸೂರಿನದು ಹೊಳೆ ಕಡೆ ಓಡುತ್ತದೆ, ಕಂಪನಿಯದು ಇದ್ದಲ್ಲೇ ಕೂರುತ್ತದೆ. ಈ ಒಂದು ಬದಲಾವಣೆಯಿಂದ ಸುತ್ತಿಗೆ ಐವತ್ತು ನಿಮಿಷ ಹಿಡಿಯುತ್ತಿದ್ದದ್ದು ಹದಿನೈದಕ್ಕೆ ಬಂತು.

ಮಧ್ಯೆ ದಾಳಕ್ಕೆ ಬದಲು ಕವಡೆ ಹಾಕಿ ನೋಡೋಣ ಅನ್ನೋ ಹುಚ್ಚು ಹತ್ತಿತು. ಮೈಸೂರಿನಲ್ಲಿದ್ದುಕೊಂಡು ಕವಡೆ ಆಡಿಸದಿದ್ದರೆ ಹೇಗೆ! ನಾಲ್ಕು ಕವಡೆ, ಬಾಯಿ ಮೇಲಾದದ್ದು ಎಣಿಸೋದು, ನಾಲ್ಕೂ ಬೋರಲಾದರೆ ಎಂಟು. ಕವಡೆ ಎರಡೂ ಕಡೆ ಸಮ ಬಿದ್ದರೆ ಈ ಎಂಟು ಹದಿನಾರಕ್ಕೆ ಒಂದು ಸಲ ಬರಬೇಕು. ಮಗಳ ಕೈಲಿ ಇನ್ನೂರು ಸಲ ಹಾಕಿಸಿದೆ. ಹೆಚ್ಚುಕಡಿಮೆ ಎಂಟು ಸಲಕ್ಕೊಂದು ಬಂತು! ನಮ್ಮ ಮನೆ ಕವಡೆಗೆ ಬೋರಲು ಬೀಳೋದೇ ಇಷ್ಟ. ಒಂದು ಬದಿ ತೇದ ಹುಣಸೆ ಬೀಜ ಇದಕ್ಕಿಂತ ನ್ಯಾಯವಾಗಿತ್ತು. ಕೊನೆಗೆ ಹುಣಸೆ ಬೀಜವೇ ಉಳಿಯಿತು. ಎಷ್ಟು ತೇಯಬೇಕು ಅನ್ನೋದು ನನ್ನಲ್ಲೇ ಇರಲಿ.

ಮೂರನೇ ಸಲ ಕಾಯಿಗಳ ಮೇಲೆ ರಟ್ಟು ಮುಚ್ಚಿ, ಸುಳ್ಳು ರಟ್ಟುಗಳನ್ನೂ ಸೇರಿಸಿ ಆಡಿದೆವು. ಯಾವುದು ಸುಳ್ಳು ಅಂತ ಜಗಳವಾಗಿ ನಿಂತಿತು. ಅದೇ ತಿಂಗಳು ಥರ್ಮಾಕೋಲ್ ಕರೀಘಟ್ಟಕ್ಕೆ ಸ್ಪ್ರೇ ಬಣ್ಣ ಹೊಡೆದೆ. ನಿಮಗೆಲ್ಲ ಗೊತ್ತು ಏನಾಯಿತು ಅಂತ. ನನಗೂ ಗೊತ್ತಿತ್ತು, ಆದರೂ ಹೊಡೆದೆ. ಗುಡ್ಡ ಕರಗಿ ಹಳ್ಳವಾಯಿತು. ಮುಳ್ಳುಬೇಲಿಗೆ ತೆಂಗಿನ ನಾರಿನ ಹಗ್ಗ ಬಿಚ್ಚಿ, ಹಸಿರು ಬಣ್ಣದಲ್ಲಿ ಅದ್ದಿ, ಮೈದಾ ಗೋಂದಿನಲ್ಲಿ ಅಂಟಿಸಿದ್ದೆ. ಮಳೆಗಾಲದಲ್ಲಿ ಜಿರಳೆಗಳು ಕಾರ್ನ್‌ವಾಲಿಸ್‌ಗಿಂತ ಚೆನ್ನಾಗಿ ಬೇಲಿ ಭೇದಿಸಿದವು. ಈಗ ಗೋಂದಿಗೆ ಫೆವಿಕಾಲ್, ಗುಡ್ಡಕ್ಕೆ ಹಳೇ ಪೇಪರ್ ನೆನೆಹಾಕಿ ರುಬ್ಬಿದ ಮುದ್ದೆ.

ನಾಲ್ಕನೇ ಸಲ ಆಟಗಾರರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದೆ. ಟೇಬಲ್ ಹತ್ತಿರ ಅಂಪೈರ್ ಆಗಿ ನಾನೊಬ್ಬನೇ. ‘ಇಷ್ಟು ದುಡ್ಡು ಹಾಕಿ ಮಾಡಿರೋದನ್ನ ನೋಡಬೇಡಿ ಅಂತೀರಲ್ಲ ಸಾರ್!’ ಅಂತ ಮೇಷ್ಟ್ರು ರೇಗಿದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಬರೀ ಚೀಟಿ ಓದಿಕೊಂಡು ಆಡೋದಾದರೆ ಟೇಬಲ್ ಯಾಕೆ? ಸಾಲದ್ದಕ್ಕೆ ಎಲ್ಲರ ಹತ್ತಿರ ಮೊಬೈಲ್. ಮೆಡೋಸ್ ಅಡುಗೆಮನೆಯಿಂದ ಕಾರ್ನ್‌ವಾಲಿಸ್‌ಗೆ ಮೆಸೇಜ್ ಹಾಕುತ್ತಿದ್ದದ್ದು ಗೊತ್ತಾಗಿದ್ದು ಮಾರನೇ ದಿನ.

ಇದಾದ ಮೇಲೆ ಒಂದು ಸಂಜೆ ಕರೀಘಟ್ಟ ಹತ್ತಿ ಕೂತಿದ್ದೆ. ಕೆಳಗೆ ಲೋಕಪಾವನಿ, ಆಚೆ ಕಾವೇರಿ, ಪಶ್ಚಿಮಕ್ಕೆ ಕೋಟೆ. ಹೊತ್ತು ಮುಳುಗಿದ ಹತ್ತೇ ನಿಮಿಷಕ್ಕೆ ಯಾವ ತೋಟ ಎಲ್ಲಿ ಮುಗಿಯುತ್ತೆ ಅಂತಲೇ ತಿಳಿಯಲಿಲ್ಲ. ಕಾಣಿಸದೆ ಇರಲಿಲ್ಲ, ಕಂಡದ್ದು ಏನು ಅಂತ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದು ದೇವರಿಗೆ ದೀಪ ಹಚ್ಚುವಾಗ ಕೈಗೆ ಖಾಲಿ ಅಗರಬತ್ತಿ ಕೊಳವೆ ಸಿಕ್ಕಿತು. ಅದನ್ನು ಕಣ್ಣಿಗೆ ಹಿಡಿದು ಟೇಬಲ್ ಮಟ್ಟಕ್ಕೆ ಬಗ್ಗಿ ನೋಡಿದೆ. ಅಷ್ಟೇ. ಆಟ ಸಿಕ್ಕಿತು.

ಈಗಿನ ಕ್ರಮ ಹೀಗಿದೆ. ಟೇಬಲ್ ಕೋಣೆಯಲ್ಲಿ ಒಂದು ಜೀರೋ ಬಲ್ಬು, ಅದೇ ಬೆಳದಿಂಗಳು. ಆಟಗಾರ ಸುತ್ತಿಗೆ ಒಂದೇ ಸಲ ಬರುತ್ತಾನೆ. ತನ್ನ ಮುಂದಿನ ಕಾಯಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು, ಕೊಳವೆಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ನೋಡುತ್ತಾನೆ. ಕಾಯಿಯ ಮಟ್ಟದಲ್ಲಿ ಎಲ್ಲ ಬತೇರಿಯೂ ಒಂದೇ ಥರ, ಎಲ್ಲ ಗುಂಪೂ ಕಪ್ಪು. ಹೋಗಿ ಚೀಟಿ ಬರೆಯುತ್ತಾನೆ. ಮೊಬೈಲ್‌ಗಳು ಅಕ್ಕಿ ಡಬ್ಬದಲ್ಲಿ. ಒಂದು ಸುತ್ತು ಅಂದರೆ ಆ ರಾತ್ರಿಯ ಅರ್ಧ ಗಂಟೆ, ಬೆಳಗಿನ ಆರರ ತನಕ ಹತ್ತೊಂಬತ್ತು ಸುತ್ತು. ಮೊದಲ ನಾಲ್ಕೈದು ಸುತ್ತು ಟೇಬಲ್‌ನಿಂದ ಆಚೆಗಿನ ನಡಿಗೆ, ಬೇಗ ಮುಗಿಯುತ್ತದೆ. ಅಲ್ಲೇ ಮಧ್ಯದ ದಂಡಿಗೆ ಟಿಪ್ಪುವಿನ ರಾಕೆಟ್ ತಂಡ ಎದುರಾಗೋದನ್ನೂ ಇಟ್ಟಿದ್ದೇನೆ, ಅದು ನಿಜವಾಗಿ ನಡೆದದ್ದು. ದಾರಿ ತಪ್ಪಿಸೋಕೆ ಒಂದು ಚೀಲದಲ್ಲಿ ಚೀಟಿಗಳಿವೆ. ಯಾವ ಚೀಟಿ ಎಷ್ಟು ಅಂತ ಮಾತ್ರ ಕೇಳಬೇಡಿ. ಅದನ್ನು ಸರಿಮಾಡೋಕೆ ನನಗೆ ಒಂದು ವರ್ಷ ಹಿಡಿದಿದೆ.

ದಾಳಿಯ ಹೊತ್ತಿಗೆ ಟಿಪ್ಪು ‘ಸುಲ್ತಾನ್ ಬತೇರಿ’ ಅನ್ನೋ ಬತೇರಿಯಲ್ಲಿ ರಾತ್ರಿ ಊಟ ಮುಗಿಸಿದ್ದನಂತೆ. ಅದಕ್ಕೆ ಟಿಪ್ಪು ಆಡುವವನಿಗೆ ನನ್ನ ಹೆಂಡತಿ ಊಟ ಬಡಿಸುತ್ತಾಳೆ. ತಟ್ಟೆ ಖಾಲಿ ಆಗೋ ತನಕ ಆಜ್ಞೆ ಕೊಡೋ ಹಾಗಿಲ್ಲ. ಮೊನ್ನೆ ಅವಳು ಎರಡು ಸಲ ಬಲವಂತ ಮಾಡಿ ಬಡಿಸಿದಳು. ಮೈಸೂರು ಸೈನ್ಯ ಎರಡು ಸುತ್ತು ತಡವಾಯಿತು.

ಗೆಲುವಿನ ಲೆಕ್ಕದಲ್ಲಿ ಕೋಟೆ ಇಲ್ಲ. ಅವತ್ತು ಕೋಟೆ ಬೀಳಲಿಲ್ಲ. ಸಂಧಿ ಆಗಿದ್ದು ಮಾರ್ಚಿನಲ್ಲಿ. ಬೆಳಗ್ಗೆ ಯಾವ ಬತೇರಿ ಯಾರ ಕೈಲಿದೆ, ಕಂಪನಿಯವರು ಹೊಳೆ ದಾಟಿ ದ್ವೀಪದ ಗಂಜಾಂನಲ್ಲಿ ಕಾಲೂರಿದರಾ, ಇಷ್ಟೇ. ಸುಲ್ತಾನ್ ಬತೇರಿಯಲ್ಲಿ ಉಳಿದ ಕಂಪನಿಯ ಪುಟ್ಟ ತುಕಡಿಯ ಮೇಲೆ ಮಾರನೇ ದಿನವಿಡೀ ಮರುದಾಳಿ ನಡೆಯಿತಲ್ಲ, ಅದನ್ನು ಬೇರೆ ಆಟವಾಗಿ ಮಾಡಬೇಕು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಮೊದಲ ನಾಲ್ಕು ಸಲಕ್ಕೆ ಮೂವತ್ತು ಸಾವಿರದ ಮೇಲೆ ನೀರಿಗೆ ಹಾಕಿದೆ. ಗೆದ್ದ ಆಟದ ಸಾಮಾನು ಪ್ಲೈವುಡ್ ಸೇರಿ ಆರು ಸಾವಿರದ ಒಳಗೆ. ಕೊಳವೆ ಪುಕ್ಕಟೆ.

ಮೊನ್ನೆ ಮತ್ತೆ ಮೇಷ್ಟ್ರೇ ಮೆಡೋಸ್. ‘ಈದ್ಗಾಕ್ಕೆ ನಾನು ಸತ್ತರೂ ಹೋಗಲ್ಲ’ ಅಂತ ಹೇಳಿಕೊಂಡೇ ಕೂತಿದ್ದರು. ಏಳನೇ ಸುತ್ತಿನಲ್ಲಿ ಹೋಗಿ ಅದಕ್ಕೇ ಡಿಕ್ಕಿ ಹೊಡೆದರು. ಅಲ್ಲಿಂದ ಎಡಕ್ಕೆ ತಿರುಗಿ ಕಾರ್ನ್‌ವಾಲಿಸ್‌ನನ್ನು ಹುಡುಕುತ್ತಾ ಹೊರಟರು. ಹದಿನಾಲ್ಕನೇ ಸುತ್ತಿನಲ್ಲಿ ಕೊಳವೆ ಹಿಡಿದು ಬಗ್ಗಿದರು. ಎಣಿಕೆ ಹತ್ತು ದಾಟಿತು, ನಾನು ಸುಮ್ನೆ ಇದ್ದೆ. ‘ಮುಂದೆ ಏನೋ ಎತ್ತರ ಇದೆಯಲ್ಲ, ಇದು ಯಾವ ಬತೇರಿ ಸಾರ್?’ ಅಂದರು. ಅಂಪೈರ್ ಬಾಯಿ ಬಿಡೋ ಹಾಗಿಲ್ಲ. ಬಾಗಿಲಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಪಾಂಡವಪುರದ ಮ್ಯಾಕ್ಸ್‌ವೆಲ್‌ಗೆ ಮಾತ್ರ ತಡೆದುಕೊಳ್ಳೋಕಾಗಲಿಲ್ಲ.

‘ಬತೇರಿ ಅಲ್ಲ ಮೇಷ್ಟ್ರೇ, ಕರೀಘಟ್ಟ! ನಾನ್ ಇಲ್ಲೇ ಇವ್ನಿ, ಬನ್ನಿ!’