ಹೊಳೆ ಪಂಪಿಗೆ ನೋಟಿಸ್ ಬಂತಾ? ಮೊದಲು ಲಕೋಟೆ ಎತ್ತಿಡಿ

‘ನೀರೆತ್ತುವ ನಿಮ್ಮ ಪರವಾನಗಿಯನ್ನು ಯಾಕೆ ರದ್ದು ಮಾಡಬಾರದು?’ ಎಂದು ಕೇಳಿ ನೋಟಿಸ್ ಬಂದರೆ ಉತ್ತರಕ್ಕೆ ಇಂತಿಷ್ಟು ದಿನ ಅಂತ ಗಡುವು ಇರುತ್ತದೆ. ಅದು ನಿಮ್ಮ ಕೈ ಸೇರಿದ್ದು ಯಾವಾಗ ಅನ್ನೋದಕ್ಕೆ ಲಕೋಟೆ ಮೇಲಿನ ಅಂಚೆ ಮುದ್ರೆಯೂ ಒಂದು ಸಾಕ್ಷಿ. ನಮ್ಮ ದೊಡ್ಡಪ್ಪ ನೋಟಿಸನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟರು, ಲಕೋಟೆಯಲ್ಲಿ ಎಲೆಯಡಿಕೆ ಸುತ್ತಿಕೊಂಡು ಸಂತೆಗೆ ಹೋದರು! ‘ಉತ್ತರ ತಡವಾಗಿದೆ’ ಎಂದಾಗ ತೋರಿಸಲು ಏನೂ ಇರಲಿಲ್ಲ.

ನೋಟಿಸನ್ನು ಎರಡು ಸಲ ಓದಿ. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಎಲ್ಲರ ಪಂಪೂ ನಿಲ್ಲಿಸುವ ಆದೇಶ ಬೇರೆ, ನಿಮ್ಮೊಬ್ಬರ ಪರವಾನಗಿ ರದ್ದತಿ ಬೇರೆ. ಮೊದಲನೆಯದರ ಜತೆ ಜಗಳಕ್ಕೆ ಬಿದ್ದು ಗೆಲ್ಲೋದು ಕಷ್ಟ.

‘ಅಜ್ಜನ ಕಾಲದಿಂದ ಎತ್ತುತ್ತಿದ್ದೇವೆ’ ಅಂತ ಸುಮ್ನೆ ಬರೆದು ಕಳಿಸಬೇಡಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಸೆಕ್ಷನ್ ಪ್ರಕಾರ ಹೊಳೆ, ಹಳ್ಳ ಸರ್ಕಾರದ್ದು. ಹಾಗಂತ ದಂಡೆಯವರಿಗೆ ಹಕ್ಕೇ ಇಲ್ಲ ಅಂತಲ್ಲ. ದಾರಿ, ನೀರು ಮುಂತಾದವುಗಳ ಬಳಕೆಯ ಹಕ್ಕು ಹೇಳುವ 1882ರ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಸೆಕ್ಷನ್‌ನ ಉದಾಹರಣೆಗಳು ಕುಡಿಯಲು, ಮನೆಗೆ, ದನಕರುಗಳಿಗೆ ನೀರು ಬಳಸುವ ಹಕ್ಕನ್ನು ಒಪ್ಪುತ್ತವೆ. ದಂಡೆಯ ಜಮೀನಿಗೆ ಹಾಯಿಸಲೂಬಹುದು, ಆದರೆ ಉಳಿದ ದಂಡೆಯವರಿಗೆ ಹೇಳಿಕೊಳ್ಳುವಂಥ ನಷ್ಟ ಆಗಬಾರದು. ಅದೇ ಕಾಯ್ದೆಯ 2ನೇ ಸೆಕ್ಷನ್, ನದಿ ನೀರನ್ನು ನಿಯಂತ್ರಿಸುವ ಸರ್ಕಾರದ ಹಕ್ಕನ್ನು ಹಾಗೇ ಉಳಿಸಿದೆ. ದಂಡೆಯ ಸರ್ವೆ ನಂಬರಿಗೆ ಅನುಮತಿ ಪಡೆದು, ಪೈಪು ಎಳೆದು ಗುಡ್ಡದಾಚೆಯ ತೋಟಕ್ಕೆ ನೀರು ಬಿಟ್ಟಿದ್ದರೆ ಕೇಸು ಅಲ್ಲೇ ಸಡಿಲ.

ಈಗ ಪಂಪಿನ ಹತ್ತಿರ ಹೋಗಿ. ಅನುಮತಿ 5 ಎಚ್‌ಪಿಗೆ, ಕೂತಿರೋದು 7.5 ಎಚ್‌ಪಿ ಮೋಟಾರ್ ಅಲ್ವಾ? ರೀವೈಂಡಿಂಗ್‌ಗೆ ಹೋಗಿ ಬಂದ ಮೋಟಾರಿಗೆ ಎಷ್ಟೋ ಸಲ ನೇಮ್‌ಪ್ಲೇಟೇ ಇರಲ್ಲ. ಹಾಗಿದ್ದರೆ ಸ್ಥಳ ಪರಿಶೀಲನೆಗೆ ಬಂದವರು ಅಂದಾಜಿಗೆ ಬರೆದಿದ್ದೇ ಲೆಕ್ಕ. ಫೋಟೊ ತೆಗೆಯಿರಿ. ಅನುಮತಿ ಪತ್ರ, ಪಹಣಿ, ಸರ್ವೆ ನಕಾಶೆ, ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇರುವ ಕರೆಂಟ್ ಬಿಲ್ ಒಂದೇ ಫೈಲಿಗೆ ಸೇರಿಸಿ. ನಿಮ್ಮ ಮೇಲಿನ ದೂರು, ಮಹಜರು (ಸ್ಥಳ ನೋಡಿ ಬರೆದ ವರದಿ) ನೋಡಬೇಕೇ? 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಮಿತಿ ಇದೆ. ಅಷ್ಟರಲ್ಲಿ ನೋಟಿಸಿನ ಗಡುವು ಮುಗಿಯುವಂತಿದ್ದರೆ ದಾಖಲೆ ಕೊಡಿ, ಕಾಲಾವಕಾಶ ಕೊಡಿ ಅಂತ ಲಿಖಿತವಾಗಿ ಕೇಳಿ.

ಉತ್ತರದಲ್ಲಿ ಒಂದೊಂದು ಆರೋಪಕ್ಕೂ ಒಂದೊಂದು ಪ್ಯಾರಾ ಸಾಕು. ‘ಖುದ್ದಾಗಿ ನನ್ನ ಅಹವಾಲು ಕೇಳಿ’ ಎಂಬ ಸಾಲು ಮಾತ್ರ ಬಿಡಬೇಡಿ. ಕಚೇರಿಯ ಸೀಲು ಬಿದ್ದ ಪ್ರತಿ ಇಲ್ಲದೆ ವಾಪಸ್ ಬರಬೇಡಿ.

ನಿಮ್ಮ ಮಾತೇ ಕೇಳದೆ ರದ್ದು ಮಾಡಿದರೆ, ವಕೀಲರ ಮೂಲಕ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ಉತ್ತರ ಕರ್ನಾಟಕದವರು ಬೆಂಗಳೂರಿಗೆ ಓಡಬೇಕಿಲ್ಲ, ಧಾರವಾಡ, ಕಲಬುರಗಿಯಲ್ಲಿ ಪೀಠಗಳಿವೆ. ಮೇಲ್ಮನವಿಗೆ ದಾರಿ ಇದೆಯೇ ಎಂದು ಮೊದಲು ವಿಚಾರಿಸಿ, ಕೋರ್ಟು ಅದನ್ನೇ ಕೇಳುತ್ತದೆ. ಸಿವಿಲ್ ದಾವೆಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 80ನೇ ಸೆಕ್ಷನ್‌ನಂತೆ ಸರ್ಕಾರಕ್ಕೆ ಎರಡು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೇರ ಹೋಗಬಹುದು.

ತಕರಾರು ಪಕ್ಕದ ಜಮೀನಿನವರದ್ದಾದರೆ ದಾರಿ ಬೇರೆ. ಅವರು ಒಪ್ಪಿದ್ದಕ್ಕೇ ಅವರ ಜಾಗದಲ್ಲಿ ದುಡ್ಡು ಸುರಿದು ಕಲ್ಲುಗಾರೆಯ ಜಾಕ್‌ವೆಲ್ (ಹೊಳೆ ನೀರು ತುಂಬಿಸಿ ಪಂಪಿನಿಂದ ಎತ್ತುವ ಬಾವಿ) ಕಟ್ಟಿದ್ದೀರಿ ಅಂದುಕೊಳ್ಳಿ. ಈಗ ‘ತೆಗಿ’ ಎಂದರೆ ಈಸ್‌ಮೆಂಟ್ಸ್ ಕಾಯ್ದೆಯ 60ನೇ ಸೆಕ್ಷನ್ ನಿಮ್ಮ ಕಡೆ ನಿಲ್ಲಬಹುದು. ಖರ್ಚಿನ ರಸೀದಿ ಹುಡುಕಿಡಿ.

ರದ್ದತಿ ಆದೇಶ ಬಂದ ಮೇಲೆ, ತಡೆಯಾಜ್ಞೆ ಕೈಗೆ ಸಿಗುವ ತನಕ ಸ್ಟಾರ್ಟರ್ ಮುಟ್ಟಬೇಡಿ. ರಾತ್ರಿ ತ್ರೀಫೇಸ್ ಬಂದಾಗ ಕೈ ತುರಿಸುತ್ತದೆ, ಗೊತ್ತು. ಆದರೆ ನಿಮ್ಮ ವಿಡಿಯೊ ತೆಗೆಯಲು ಎದುರು ಪಾರ್ಟಿಯವರ ಮೊಬೈಲಿಗೂ ಆಗಲೇ ಚಾರ್ಜ್ ಆಗಿರುತ್ತದೆ.