ಸ್ಪಿಟ್‌ಫೈರ್‌ಗೆ ಹತ್ತು ಮೈಲಿ ವೇಗ ಜಾಸ್ತಿ ಬಂದದ್ದು ಎಲ್ಲಿಂದ?

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 9ರ ಗರಿಷ್ಠ ವೇಗ ಎಷ್ಟು ಅಂತ ಕೇಳಿದರೆ ಬಹಳ ಜನ ಒಂದೇ ಅಂಕಿ ಹೇಳುತ್ತಾರೆ: ಗಂಟೆಗೆ 404 ಮೈಲಿ. ಸಿಮ್ಯುಲೇಟರ್‌ಗೆ ವಿಮಾನ ಕಟ್ಟುವವನಿಗೆ ಅಷ್ಟು ಸಾಲದು. ಯಾವ ಎತ್ತರದಲ್ಲಿ? ತೂಕ ಎಷ್ಟಿತ್ತು? ಎಂಜಿನ್‌ಗೆ ಎಷ್ಟು ಬೂಸ್ಟ್, ಅಂದರೆ ಒಳಗೆ ತುಂಬುವ ಗಾಳಿಗೆ ಎಷ್ಟು ಒತ್ತಡ, ಕೊಟ್ಟಿದ್ದರು? ಇವು ಗೊತ್ತಾದ ಮೇಲೇ ಕೆಲಸ ಶುರು.

ನಾನು ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಡೀಸೆಲ್ ಪಂಪ್ ಕ್ಯಾಲಿಬ್ರೇಶನ್ ಮಾಡುವವನು. ಸಂಜೆ ಅಂಗಡಿ ಮುಚ್ಚಿದ ಮೇಲೆ ಹಳೆಯ ಯುದ್ಧವಿಮಾನಗಳನ್ನು ಜೆಎಸ್‌ಬಿಸಿಮ್‌ನಲ್ಲಿ ಕಟ್ಟುತ್ತೇನೆ. ಇದು ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಒಳಗೆ ವಿಮಾನ ಹಾರಿಸುವ ಲೆಕ್ಕವನ್ನು ಇದೇ ಮಾಡಬಲ್ಲದು. ರೆಕ್ಕೆ, ಎಂಜಿನ್, ಪ್ರೊಪೆಲ್ಲರ್ ಎಲ್ಲವನ್ನೂ ಅಂಕಿಗಳಲ್ಲಿ ಬರೆದುಕೊಡಬೇಕು. ಪರದೆಯ ಮೇಲೆ ಚಿತ್ರವಿಲ್ಲದೆ ಬರೀ ಲೆಕ್ಕವಾಗಿಯೂ ಓಡಿಸಬಹುದು. ಪರೀಕ್ಷೆಗೆ ಅದೇ ಒಳ್ಳೆಯದು.

ನನಗೆ ಆಸೆ ಇದ್ದದ್ದು ಮಾರ್ಕ್ 8ರ ಮೇಲೆ. 1944ರಲ್ಲಿ ನಮ್ಮ ವಾಯುಪಡೆಯ 8ನೇ ಸ್ಕ್ವಾಡ್ರನ್‌ಗೆ ಬಂದದ್ದು ಅದು. ಆದರೆ ಹಾರಾಟ ಪರೀಕ್ಷೆಯ ಅಂಕಿಗಳು ಮಾರ್ಕ್ 9ಕ್ಕೆ ಜಾಸ್ತಿ ಸಿಗುತ್ತವೆ. ಎರಡರಲ್ಲೂ ಕಡಿಮೆ ಎತ್ತರಕ್ಕೆಂದು ಮಾಡಿದ ಬಗೆಗೆ ಎಂಜಿನ್ ಒಂದೇ, ಮರ್ಲಿನ್ 66. ಹಾಗಾಗಿ ಮೊದಲು 9ನ್ನು ಸರಿಮಾಡಿಕೊಂಡೆ.

ಎಲ್ಲಕ್ಕಿಂತ ಮೊದಲು ಎಂಜಿನ್. ಮರ್ಲಿನ್ 66ರ ಸೂಪರ್‌ಚಾರ್ಜರ್‌ಗೆ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಪಂಪ್‌ಗೆ, ಎರಡು ಗಿಯರ್. 18 ಪೌಂಡ್ ಬೂಸ್ಟ್‌ನಲ್ಲಿ ಕೆಳ ಗಿಯರ್‌ನಲ್ಲಿ 5,750 ಅಡಿಗೆ 1,720 ಎಚ್‌ಪಿ, ಮೇಲಿನ ಗಿಯರ್‌ನಲ್ಲಿ 16,000 ಅಡಿಗೆ 1,580 ಎಚ್‌ಪಿ. ಆದರೆ ಇವು ನಿಂತ ಗಾಳಿಯಲ್ಲಿ ಎಂಜಿನ್ ಕೊಡುವ ಅಂಕಿಗಳು. ನಮ್ಮ ಕಸುಬಿನಲ್ಲೂ ಹಾಗೇ: ಪಂಪ್ ಬೆಂಚ್ ಮೇಲೆ ಒಂದು ಹೇಳುತ್ತದೆ, ಗಾಡಿಗೆ ಕೂರಿಸಿದ ಮೇಲೆ ಇನ್ನೊಂದು. ವಿಮಾನ ಓಡುವಾಗ ಎದುರುಗಾಳಿ ತಾನೇ ಒಳಗೆ ನುಗ್ಗಿ ಒತ್ತಡ ಏರಿಸುತ್ತದೆ. ಅದರಿಂದ ಅದೇ ಪವರ್ ಸುಮಾರು 5,000 ಅಡಿ ಮೇಲಿನವರೆಗೂ ಸಿಗುತ್ತದೆ. ಪರೀಕ್ಷೆಗಳಲ್ಲಿ ವೇಗ ಒಮ್ಮೆ 10,500 ಅಡಿ ಆಸುಪಾಸಿನಲ್ಲಿ, ಮತ್ತೊಮ್ಮೆ 21,000 ಅಡಿ ಆಸುಪಾಸಿನಲ್ಲಿ ತುದಿ ಮುಟ್ಟುವುದು ಇದಕ್ಕೇ. ಗ್ರಾಫ್ ಗರಗಸದ ಹಲ್ಲಿನ ಹಾಗೆ ಬರಬೇಕು. ನುಣ್ಣಗೆ ಬಾಗಿದ ಗೆರೆ ಬಂದರೆ ಎಂಜಿನ್ ಸುಳ್ಳು ಅಂತಲೇ ಅರ್ಥ.

ಆಮೇಲೆ ಡ್ರ್ಯಾಗ್, ಅಂದರೆ ವಿಮಾನವನ್ನು ಹಿಂದಕ್ಕೆಳೆಯುವ ಗಾಳಿಯ ತಡೆ. ಇದರಲ್ಲಿ ಎರಡು ಪಾಲು. ಮೈಮೇಲೆ ಗಾಳಿ ಉಜ್ಜಿ ಬರುವುದು ಒಂದು, ಲಿಫ್ಟ್ (ಮೇಲೆತ್ತುವ ಬಲ) ಕೊಡುವುದಕ್ಕೆ ರೆಕ್ಕೆ ತೆರುವುದು ಇನ್ನೊಂದು. ರೆಕ್ಕೆಯ ವಿಸ್ತೀರ್ಣ 242 ಚದರ ಅಡಿ, ತೂಕ ಸುಮಾರು 7,400 ಪೌಂಡ್ ಹಿಡಿದು ಲೆಕ್ಕ ಹಾಕಿದರೆ, ಪೂರ್ತಿ ವೇಗದಲ್ಲಿ ಲಿಫ್ಟ್‌ನ ಪಾಲು ನೂರಕ್ಕೆ ಆರನ್ನೂ ದಾಟುವುದಿಲ್ಲ. ಅದೇ ಏರುವಾಗ ಮೂರನೇ ಒಂದಕ್ಕಿಂತ ಜಾಸ್ತಿ. ಹಾಗಾಗಿ ಮೈಯ ಡ್ರ್ಯಾಗನ್ನು ವೇಗದ ಪರೀಕ್ಷೆಯಿಂದ ತೆಗೆಯಬೇಕು, ರೆಕ್ಕೆಯದನ್ನು ಏರಿಕೆಯ ಪರೀಕ್ಷೆಯಿಂದ. ಎರಡನ್ನೂ ಒಂದೇ ಅಂಕಿಯಿಂದ ಹಿಂಡಲು ಹೋಗಬಾರದು.

10,500 ಅಡಿಯ ಸುಮಾರು 384 ಮೈಲಿ ವೇಗದಿಂದ ಮೈಯ ಡ್ರ್ಯಾಗ್ ಗುಣಾಂಕ 0.021ರ ಹತ್ತಿರ ಬಂತು. ಏರಿಕೆಯೂ ನಿಮಿಷಕ್ಕೆ 4,500 ಅಡಿ ದಾಟಿತು, ಸರಿಯಾಗಿಯೇ ಇತ್ತು. ಆದರೆ ಅದೇ ಅಂಕಿಗಳಿಂದ 21,000 ಅಡಿಗೆ ಓಡಿಸಿದರೆ ವೇಗ 415ರ ಹತ್ತಿರ! ಪರೀಕ್ಷೆಯಲ್ಲಿ ಆ ಎತ್ತರಕ್ಕೆ ಸಿಕ್ಕ 404ಕ್ಕಿಂತ ಹತ್ತು ಮೈಲಿಗೂ ಜಾಸ್ತಿ.

ಇಂಥ ಕಡೆ ಬಹಳ ಮಂದಿ ಮೇಲಿನ ಎತ್ತರಕ್ಕೆ ಅಂತ ಸುಮ್ನೆ ಸ್ವಲ್ಪ ಡ್ರ್ಯಾಗ್ ಸೇರಿಸಿ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಂದು ಅಂಕಿ ಸರಿಹೋಗುತ್ತದೆ, ಬೇರೆ ನಾಲ್ಕು ಕೆಡುತ್ತವೆ. ಕಾರಣ ಹುಡುಕಲೇಬೇಕು.

ಕಾರಣ ಇದ್ದದ್ದು ಪ್ರೊಪೆಲ್ಲರ್ ತುದಿಯಲ್ಲಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು, ಗಿಯರ್ 0.477, ಅಂದರೆ ಪ್ರೊಪೆಲ್ಲರ್ 1,431 ಸುತ್ತು. ಅಡ್ಡಳತೆ 10 ಅಡಿ 9 ಅಂಗುಲ. ತುದಿ ಸುತ್ತುವ ವೇಗ ಸೆಕೆಂಡಿಗೆ 245 ಮೀಟರ್ ಆಗುತ್ತದೆ. ಅದಕ್ಕೆ ಲಂಬ ದಿಕ್ಕಿನಲ್ಲಿ ವಿಮಾನ ಮುಂದೆ ಹೋಗುವ ವೇಗ ಸೇರಿದರೆ 305ರ ಹತ್ತಿರ. 21,000 ಅಡಿಯ ಚಳಿಯಲ್ಲಿ ಶಬ್ದದ ವೇಗವೇ ಸೆಕೆಂಡಿಗೆ 315 ಮೀಟರ್. ಎಲೆಯ ತುದಿ ಶಬ್ದದ ವೇಗದ ನೂರಕ್ಕೆ 97ರಷ್ಟು ಮುಟ್ಟಿದೆ! ಕೆಳಗೆ 10,500 ಅಡಿಯಲ್ಲಿ ಅದು 91. ಈ ಅಂತರದಲ್ಲೇ ಪ್ರೊಪೆಲ್ಲರ್ ಎಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ತುದಿಯ ವೇಗಕ್ಕೆ ತಕ್ಕಂತೆ ಪ್ರೊಪೆಲ್ಲರ್ ಶಕ್ತಿ ಕಡಿಮೆ ಮಾಡುವ ಕೋಷ್ಟಕ ಕೊಡಲು ಜೆಎಸ್‌ಬಿಸಿಮ್‌ನಲ್ಲಿ ಜಾಗ ಇದೆ. ಅದನ್ನು ತುಂಬಿದೆ. ಮೇಲಿನ ವೇಗ 404ರ ಆಸುಪಾಸಿಗೆ ಇಳಿಯಿತು, ಕೆಳಗಿನದು ಹೆಚ್ಚುಕಡಿಮೆ ಅಲ್ಲೇ ನಿಂತಿತು. ಡ್ರ್ಯಾಗ್ ಮುಟ್ಟಲೇ ಇಲ್ಲ. ಆವತ್ತಿನ ಖುಷಿಯೇ ಬೇರೆ.

ಈ ಪರೀಕ್ಷೆಗಳನ್ನೆಲ್ಲ ಪ್ರಮಾಣಿತ ಹವೆಯಲ್ಲೇ ಮಾಡಬೇಕು: ಸಮುದ್ರಮಟ್ಟದಲ್ಲಿ 15 ಡಿಗ್ರಿ. ನಮ್ಮ ಹುಬ್ಬಳ್ಳಿ ಸುಮಾರು 660 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಇದ್ದರೆ ಇಲ್ಲಿನ ಗಾಳಿ ಅದಕ್ಕಿಂತ ನೂರಕ್ಕೆ 14ರಷ್ಟು ತೆಳು. ಅದೇ ಸ್ಪಿಟ್‌ಫೈರ್ ನಮ್ಮ ರನ್‌ವೇಯಿಂದ ಮೇಲೇಳಲು ನೂರಕ್ಕೆ 8ರಷ್ಟು ಜಾಸ್ತಿ ವೇಗ ಬೇಕು. ಹಾರಿಸಲು ಮಜಾ ಇದೆ, ಅಳತೆಗೆ ಮಾತ್ರ ಬೇಡ.

ಹಾರಿಸಿ ನೋಡುವ ಕೆಲಸ ಅಣ್ಣನ ಮಗನದು. ಡಾಗ್‌ಫೈಟ್‌ನಲ್ಲಿ ಅವನ ಕೈ ನನಗಿಂತ ಚುರುಕು. "ಕಾಕಾ, ಜಗ್ಗಿ ತಿರುಗಿಸಿದ್ರ ವೇಗ ಎಲ್ಲಾ ಸೋರಿ ಹೋಗತೈತಲ್ಲ" ಅಂದ. ಹೋಗಲೇಬೇಕು. 3 ಜಿ ತಿರುವಿನಲ್ಲಿ, ಅಂದರೆ ಭಾರ ಮೂರು ಪಟ್ಟಾದಂತಾಗುವ ತಿರುವಿನಲ್ಲಿ, ರೆಕ್ಕೆ ಮೂರು ಪಟ್ಟು ಲಿಫ್ಟ್ ಕೊಡಬೇಕು, ಅದೇ ವೇಗದಲ್ಲಿ ಅದಕ್ಕೆ ತೆರುವ ಡ್ರ್ಯಾಗ್ ಒಂಬತ್ತು ಪಟ್ಟು. ಆ ಅಂಕಿ ಏರಿಕೆಯ ಪರೀಕ್ಷೆಯಿಂದಲೇ ಬಂದದ್ದು, ಅವನು ಕೇಳಿದ ಅಂತ ಬದಲಿಸಲಿಲ್ಲ. ತಿರುವಿಗೆ ಮುಂಚೆ ಎತ್ತರ ಇಟ್ಟುಕೋ ಅಂತ ಹೇಳಿದೆ. ಈಗ ಹಾಗೇ ಹಾರಿಸುತ್ತಿದ್ದಾನೆ. ನಾನು ಮಾರ್ಕ್ 8ರ ತೂಕದ ಲೆಕ್ಕ ಹಿಡಿದು ಕೂತಿದ್ದೇನೆ.